ಹತ್ತು ನಿಮಿಷದ ಇಂಗ್ಲಿಷ್

ಆ ಗುರುವಾರ ಬೆಳಿಗ್ಗೆ ನಮ್ಮ ಮನೆಯವರು ಬಚ್ಚಲಿನ ಬಾಗಿಲ ಹೊರಗೆ ನಿಂತು, ಒಳಗೆ ಸ್ನಾನ ಮಾಡುತ್ತಿದ್ದ ಮಗಳನ್ನು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು.

"ಸಿಂಚನಾ, ಸಿಂಚನಾ, ವಾಟ್ ಈಸ್ ಯುವರ್ ಪೊಸಿಶನ್? ಓವರ್."

"ಐ ಆ್ಯಮ್ ಇನ್ ಬಚ್ಚಲುಮನೆ. ಓವರ್."

"ಹೌ ಮೆನಿ ಮಿನಿಟ್ಸ್? ಓವರ್."

"ಫೈವ್ ಮಿನಿಟ್ಸ್. ಸೋಪ್ ಇನ್ ಐ. ಓವರ್."

ಒಲೆಯ ಮುಂದಿದ್ದ ನಾನು, "ಅಪ್ಪ ಮಗಳದ್ದು ಮುಗೀತನ? ನಂಗೆ ಶಾಲಿಗೆ ಹೋಗಿ ಮೊಟ್ಟೆ ಬೇಯ್ಸೂಕದೆ" ಎಂದು ಕೂಗಿದೆ. ಇವರು ನನ್ನ ಕಡೆ ತಿರುಗಿ ಗಂಭೀರವಾಗಿ, "ಎರಡು ಬೋಟಿನವ್ರು ಮಾತಾಡ್ತಾ ಇದ್ರೆ ಮೂರನೇ ಬೋಟಿನವ್ರು ನಡೂಗೆ ಬಾಯಿ ಹಾಕೂಕಿಲ್ಲ" ಎಂದರು.

ಆಮೇಲೆ ಗಂಜಿ ಉಂಡರು. ಹಿಂದಿನ ದಿನದ ಬಂಗಡೆ ಸಾರಿನ ಪಾತ್ರೆಯನ್ನು ಇಣುಕಿ ನೋಡಿ, "ಮಧ್ಯಾಹ್ನಕ್ಕೆ ಇದೇ ಅಡ್ಡಿಲ್ಲ, ಬೇರೆ ಎಂತದೂ ಮಾಡೂಕೆ ಹೋಗ್ಬೇಡ" ಎಂದರು. ಬಲೆ ಹೊಲಿಯುವ ಕೆಲಸವಿತ್ತು, ಬಂದರಿಗೆ ಹೋದರು. ಮಧ್ಯಾಹ್ನ ಬಂದು ಉಂಡರು. ಸಂಜೆ ಮಗಳ ಪುಸ್ತಕದಲ್ಲಿ ಸಹಿ ಮಾಡಿದರು. ಅಷ್ಟೇ. ಆ ದಿನದ್ದು ಇನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಸಾದಾ ದಿನವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

ಮರುದಿನ ಬೆಳಿಗ್ಗೆ ಬಂದರಿನಲ್ಲಿ, ಬಲೆಯ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಹೊನ್ನಾವರದಲ್ಲಿ ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ದಕ್ಷಿಣಕ್ಕೆ ಎರಡು ಮೂರು ತಾಸಿನ ದಾರಿ. ಅಂಬುಲೆನ್ಸ್ ಭಟ್ಕಳ ದಾಟುವ ಮೊದಲೇ ಹೋಗಿಬಿಟ್ಟರು. ಭಟ್ಕಳ ನನ್ನ ತವರೂರು. ಪ್ರತಿ ಸಲ ಅಲ್ಲಿಗೆ ಹೋಗುವಾಗ ಹೂವು ಮುಡಿದುಕೊಂಡು ಬಸ್ಸಿನ ಕಿಟಕಿಯ ಹತ್ತಿರ ಕೂರುತ್ತಿದ್ದೆ. ಆ ದಿನ ಕಿಟಕಿಯೇ ಇಲ್ಲದ ಗಾಡಿಯಲ್ಲಿ ಹೋದೆ.

ಇದನ್ನು ಈಗ ಬರೆಯಲು ಕಾರಣ ಒಂದು ಪಟ್ಟಿ ಪುಸ್ತಕ. ಸಿಂಚನಾ ಮೂರನೇ ತರಗತಿಗೆ ಬಂದಳು. ಹೊಸ ಪುಸ್ತಕಗಳಿಗೆ ಕಾಗದ ಹಾಕಿಕೊಡೋಣ ಎಂದು ಕೂತರೆ, ಹಳೆಯವುಗಳ ನಡುವೆ ಅದು ಸಿಕ್ಕಿತು. ಮೇಲೆ 'ಮನೆಯಲ್ಲಿ ಮಾತು' ಎಂದು ಬರೆದಿದೆ. ಒಳಗೆ ದಿನಕ್ಕೊಂದು ಸಾಲು, ಸಾಲಿನ ಕೊನೆಯಲ್ಲಿ ಒಂದು ಸಹಿ. ಕಾಗದ ಹಾಕುವ ಕೆಲಸ ಅಲ್ಲೇ ನಿಂತಿದೆ. ಕತ್ತರಿ ಎಲ್ಲಿಟ್ಟೆನೋ ಅದೂ ಮರೆತಿದೆ.

ನಾನು ಯಾರು ಎಂದು ಹೇಳದೆ ಇಷ್ಟು ದೂರ ಬಂದೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು ನಾನು. ಹೊನ್ನಾವರದ ಹೊಳೆ ಸಮುದ್ರ ಸೇರುವ ಕಡೆ ನಮ್ಮ ಊರು. ದಿಬ್ಬ ಹತ್ತಿ ನೋಡಿದರೆ ಹೊಳೆಯಾಚೆ ಮಾವಿನಕುರ್ವೆ ದ್ವೀಪದ ತೆಂಗಿನ ಮರಗಳು ಕಾಣುತ್ತವೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೇನೆ ಎಂದು ಹೇಳಿಕೊಳ್ಳುತ್ತೇನೆ, ಆದರೆ ಅದರ ಹೊಸ್ತಿಲು ದಾಟಿದವಳಲ್ಲ. ಇಂಗ್ಲಿಷ್ ಒಂದರಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಮೂರನೆಯ ಸಲ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಇವರ ಮನೆಯವರು ನನ್ನನ್ನು ನೋಡಲು ಬಂದರು. ಸಂಬಂಧ ಕೂಡಿದರೆ ಇಂಗ್ಲಿಷ್ ತಪ್ಪುತ್ತದಲ್ಲ ಎಂಬ ಸಂತೋಷಕ್ಕೆ ಚಹಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದ್ದೆ. ಹುಡುಗಿಯ ಕೈಗುಣ ಚೆನ್ನಾಗಿದೆ ಎಂದು ಅವರು ಒಪ್ಪಿಕೊಂಡರು.

ನಾವು ಓದುವಾಗ ಇಂಗ್ಲಿಷ್ ಐದನೇ ತರಗತಿಗೆ ಬರುತ್ತಿತ್ತು. ಮಾಸ್ತರರು ಒಂದು ಸಾಲು ಓದಿ ಅದರ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಬಹಳ ಚಂದ ಹೇಳುತ್ತಿದ್ದರು. ಇಂಗ್ಲಿಷ್ ಪಾಠ ಕೇಳಿ ನಾವು ಅತ್ತದ್ದೂ ಉಂಟು, ಎಲ್ಲ ಕನ್ನಡದಲ್ಲೇ. ಪ್ರಶ್ನೆಗೆ ಉತ್ತರ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿ, ನನ್ನ ಉತ್ತರಕ್ಕಾಗಿ ಕಾದದ್ದಿಲ್ಲ. ಕೇಳಿದ್ದರೆ ನಾನು ಓಡಿಹೋಗುತ್ತಿದ್ದೆ ಅನ್ನುವುದು ಬೇರೆ ಮಾತು.

ನನ್ನ ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಭಟ್ಕಳದ ಓಣಿಗಳಲ್ಲಿ ಮನೆ ಮನೆಗೆ ಹೋಗುತ್ತಿದ್ದಳು. ಅಲ್ಲಿಯ ಮುಸ್ಲಿಮರ ನವಾಯತಿ ಮಾತಾಡುತ್ತಿದ್ದಳು, ಉರ್ದು ಮಾತಾಡುತ್ತಿದ್ದಳು, ಕೊಂಕಣಿ ಅಂತೂ ಮನೆಮಾತಿನ ಹಾಗೆಯೇ. "ನಿಂಗೆ ಇದನ್ನೆಲ್ಲ ಯಾರು ಕಲ್ಸಿದ್ರು ಆಯಿ?" ಎಂದು ಒಮ್ಮೆ ಕೇಳಿದ್ದೆ. "ಕಲ್ಸೂದು ಎಂತದ್ದು? ಅವ್ರು ಮೀನು ಹಳತು ಅಂದ್ರು, ನಾ ಅಲ್ಲ ಅಂದೆ. ಹಾಂಗೇ ಬಂತು" ಎಂದಿದ್ದಳು. ಅವಳ ಮಗಳಾಗಿ ನಾನು ಇಂಗ್ಲಿಷಿನ ಮುಂದೆ ಬಾಯಿ ಕಟ್ಟಿ ಕೂತದ್ದು ಹೇಗೆ ಎಂದು ಯೋಚಿಸಿದ್ದೇನೆ. ಬಹುಶಃ ನನ್ನ ಮೀನು ಹಳತು ಎಂದು ಯಾರೂ ಇಂಗ್ಲಿಷಿನಲ್ಲಿ ಹೇಳಲಿಲ್ಲ, ಅದಕ್ಕೇ ಇರಬೇಕು.

ಸಿಂಚನಾ ಒಂದನೇ ತರಗತಿಗೆ ಸೇರಿದ ವರ್ಷವೇ ನಮ್ಮ ಶಾಲೆಗೆ ಇಂಗ್ಲಿಷ್ ವಿಭಾಗ ಬಂತು. ಊರಿನ ಅರ್ಧ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗಳಿಗೆ ಹೋಗತೊಡಗಿದ್ದರು. ಉಳಿದವರನ್ನು ಉಳಿಸಿಕೊಳ್ಳಲು, ಸರ್ಕಾರಿ ಶಾಲೆಯಲ್ಲೇ ಒಂದನೇ ತರಗತಿಯಿಂದ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಪಾಠ ಎಂದಾಯಿತು. ಅದರ ಹೊಣೆ ಶೈಲಾ ಅಕ್ಕೋರಿಗೆ ಬಿತ್ತು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರನ್ನು ಕುಮಟೆಗೆ ತರಬೇತಿಗೆ ಕಳಿಸಿದರು. ಒಂದು ಚೀಲ ಚಿತ್ರದ ಕಾರ್ಡುಗಳನ್ನೂ ಬಿದ್ದುಹೋದ ಗಂಟಲನ್ನೂ ತೆಗೆದುಕೊಂಡು ವಾಪಸು ಬಂದರು.

ಜೂನ್ ತಿಂಗಳಲ್ಲಿ ಪಾಲಕರ ಸಭೆ ಕರೆದರು. ಮಳೆಗಾಲದ ಎರಡು ತಿಂಗಳು ಕಡಲಿಗೆ ಬೋಟು ಇಳಿಸುವಂತಿಲ್ಲ. ಶಾಲೆ ಸುರುವಾಗುವ ಹೊತ್ತಿಗೇ ಬೋಟುಗಳು ದಡ ಸೇರುತ್ತವೆ. ಹಾಗಾಗಿ ಎಂದೂ ಶಾಲೆಯ ಕಂಪೌಂಡು ಹೊಗದ ಅಪ್ಪಂದಿರೆಲ್ಲ ಆ ದಿನ ಬಂದು, ಒಂದನೇ ತರಗತಿಯ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ನಾನೂ ನನ್ನ ಜೊತೆ ಅಡುಗೆ ಮಾಡುವ ಮಾದೇವಿಯೂ ಬಾಗಿಲಲ್ಲಿ ನಿಂತಿದ್ದೆವು.

ಅಕ್ಕೋರು ಹೇಳಿದ್ದು ಇಷ್ಟು. "ನಾನೂ ಕನ್ನಡದಲ್ಲೇ ಓದಿದವಳು. ನಂಗೂ ಹೆದ್ರಿಕೆ ಅದೆ. ಎಲ್ಲರೂ ಒಟ್ಟಿಗೇ ಹೆದ್ರುವಾ. ಆದ್ರೆ ಮಕ್ಕಳಿಗೆ ಮನೇಲಿ ಒಬ್ಬರು ಜೊತೆಗಾರರು ಬೇಕು. ದಿನಾ ಹತ್ತು ನಿಮಿಷ ಇಂಗ್ಲಿಷಲ್ಲಿ ಮಾತಾಡ್ಬೇಕು. ತಪ್ಪಾದ್ರೂ ಅಡ್ಡಿಲ್ಲ. ಆಮೇಲೆ ಈ ಪುಸ್ತಕದಲ್ಲಿ ಒಂದು ಸಹಿ."

ಬಾಗಿಲಲ್ಲಿದ್ದ ಮಾದೇವಿ, "ನಮ್ಮನೇಲಿ ಇಂಗ್ಲಿಷ್ ಬರೂದು ಟಿವಿಗೆ ಒಂದೇ. ಅದ್ರ ಹತ್ರ ಸಹಿ ಮಾಡ್ಸೂಕಾತದ್ಯ ಅಕ್ಕೋರೆ?" ಎಂದಳು. ಎಲ್ಲ ನಕ್ಕರು. ನಗು ಮುಗಿಯುವಾಗ ಇವರು ಎದ್ದು ನಿಂತಿದ್ದರು.

"ಅಕ್ಕೋರೆ, ನಾ ಓದಿದ್ದು ನಾಕನೇ ಇಯತ್ತೆ ತನ್ಕ. ಆದ್ರೆ ವಾಯರ್ಲೆಸ್ಸಲ್ಲಿ ಕೋಸ್ಟ್ ಗಾರ್ಡಿನವ್ರ ಹತ್ರ ಇಂಗ್ಲಿಷಲ್ಲೇ ಮಾತಾಡ್ತೆ. ಆ ಇಂಗ್ಲಿಷ್ ನಡೀತದ್ಯ?"

"ಧಾರಾಳ ನಡೀತದೆ" ಎಂದರು ಅಕ್ಕೋರು.

ಮೂರು ಸಲ ಪರೀಕ್ಷೆ ಕಟ್ಟಿದ ನಾನು ಬಾಗಿಲ ಹಿಂದಕ್ಕೆ ಸರಿದೆ. ನಾಚಿಕೆ ಎಂದರೆ ನಾಚಿಕೆ. ಇವರು ಎದ್ದು ನಿಂತದ್ದಕ್ಕೋ, ನಾನು ನಿಲ್ಲದೇ ಇದ್ದದ್ದಕ್ಕೋ, ಆಗ ಗೊತ್ತಾಗಲಿಲ್ಲ.

ಇವರು ಬೋಟಿನ ತಾಂಡೇಲರಾಗಿದ್ದರು. ಎಂದರೆ ಬೋಟು ನಡೆಸುವವರು, ಎಲ್ಲಿ ಬಲೆ ಬಿಡಬೇಕು ಎಂದು ಹೇಳುವವರು. ವಾಯರ್ಲೆಸ್ ಸೆಟ್ಟು ಅವರ ಕೈಯಲ್ಲೇ ಇರುತ್ತಿತ್ತು. ಅದರಲ್ಲಿ ಇಬ್ಬರು ಒಟ್ಟಿಗೆ ಮಾತಾಡಲು ಬರುವುದಿಲ್ಲವಂತೆ. ಗುಂಡಿ ಒತ್ತಿಕೊಂಡು ಹೇಳಬೇಕು, ಮುಗಿದ ಮೇಲೆ 'ಓವರ್' ಎಂದು ಗುಂಡಿ ಬಿಡಬೇಕು, ಆಗ ಆ ಕಡೆಯವರ ಸರದಿ. ಇವರಿಗೆ ಇಂಗ್ಲಿಷ್ ಎಂದರೆ ಹೀಗೇ ಮಾತಾಡುವ ಭಾಷೆ. ಮಗಳಿಗೂ ಹಾಗೇ ಕಲಿಸಿದರು. ಜಗಲಿಯಲ್ಲಿ ಅವಳು ಆ ತುದಿಗೆ, ಇವರು ಈ ತುದಿಗೆ. ತೆಂಗಿನ ಚಿಪ್ಪು ಬಾಯಿಗೆ ಹಿಡಿದುಕೊಂಡು, "ಮೈ ನೇಮ್ ಈಸ್ ಸಿಂಚನಾ, ಓವರ್."

ಅವಳಿಂದ ಅದು ತರಗತಿಗೆಲ್ಲ ಹತ್ತಿಕೊಂಡಿತು, ಕೆಂಪು ಕಣ್ಣು ಹತ್ತಿಕೊಂಡ ಹಾಗೆ. ಒಂದು ದಿನ ಅಕ್ಕೋರು ಅಡುಗೆಕೋಣೆಗೇ ಬಂದರು.

"ಸುಮಿತ್ರಕ್ಕ, ನಿಮ್ಮ ಮನೆಯವ್ರು ನನ್ನ ಕ್ಲಾಸನ್ನೆಲ್ಲ ಬೋಟು ಮಾಡಿಟ್ರು. ಒಂದು ಮಗುವೂ ಓವರ್ ಅನ್ನದೆ ಬಾಯಿ ಮುಚ್ಚೂದಿಲ್ಲ."

"ಬಿಡ್ಸಿ ಅಕ್ಕೋರೆ, ಹೊಡ್ದು ಬಿಡ್ಸಿ" ಎಂದೆ ನಾನು, ಬೇಳೆ ತಿರುಗಿಸುತ್ತ.

ಬಿಡಿಸಲು ನೋಡಿದರು, ಆಗಲಿಲ್ಲ. ವಾರ ಕಳೆದ ಮೇಲೆ ಮತ್ತೆ ಬಂದರು. ಈ ಸಲ ದನಿ ಬೇರೆ ಇತ್ತು. ಹಿಂದಿನ ಬೆಂಚಿನಲ್ಲಿ ಕೂತು ಎಂದೂ ಬಾಯಿ ಬಿಡದ ಒಂದು ಹುಡುಗಿ ಅಂದು ಮಾತಾಡಿದಳಂತೆ. ತನ್ನ ಸರದಿ ಯಾವಾಗ ಎಂದು ಅವಳಿಗೆ ಅಲ್ಲಿಯವರೆಗೆ ತಿಳಿಯುತ್ತಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಬೇರೆಯವರು ಹೇಳಿ ಆಗಿರುತ್ತಿತ್ತು. ಈಗ ಓವರ್ ಎಂದ ಮೇಲೆ ಎಲ್ಲರೂ ಅವಳಿಗಾಗಿ ಕಾಯಲೇಬೇಕು. "ಕುಮಟೆಯಲ್ಲಿ ಇದನ್ನ ಯಾರೂ ಹೇಳಿ ಕೊಡ್ಲಿಲ್ಲ ನೋಡಿ" ಎಂದರು ಅಕ್ಕೋರು. ನಾನು ಮನೆಗೆ ಹೋಗಿ ಇವರಿಗೆ ಹೇಳಿದೆ. ಇವರು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಅದೇ ವರ್ಷ ತಾಲೂಕಿನಿಂದ ಸಾಹೇಬರೊಬ್ಬರು ಹೊಸ ವಿಭಾಗ ನೋಡಲು ಬಂದರು. ಊಟದ ತಟ್ಟೆ ಎಣಿಸುವ ನೆಪದಲ್ಲಿ ನಾನೂ ಮಾದೇವಿಯೂ ಕಿಟಕಿಯಲ್ಲಿದ್ದೆವು. ಸಾಹೇಬರು ಮಕ್ಕಳಿಗೆ, "ವಾಟ್ ಈಸ್ ದಿ ನೇಮ್ ಆಫ್ ಯುವರ್ ವಿಲೇಜ್?" ಎಂದರು. ಮಕ್ಕಳು ಕಣ್ಣರಳಿಸಿ ಅವರನ್ನೇ ನೋಡಿದರು. ಅವರು ಮತ್ತೆ ಕೇಳಿದರು. ಮಕ್ಕಳು ಇನ್ನಷ್ಟು ಮುಂದೆ ಬಾಗಿದರು, ಬಾಯಿ ಮಾತ್ರ ಮುಚ್ಚಿತ್ತು. ಸಾಹೇಬರು ಪೆನ್ನು ತೆಗೆದು ಏನೋ ಬರೆಯತೊಡಗಿದರು.

ಅಕ್ಕೋರು ಹತ್ತಿರ ಹೋಗಿ, "ಸರ್, ಓವರ್ ಅನ್ನಿ" ಎಂದರು.

"ಏನು?"

"ನೀವು ಇನ್ನೂ ಮುಗ್ಸಲಿಲ್ಲ ಸರ್. ಅದಕ್ಕೆ ಕಾಯ್ತಾ ಇದ್ದಾರೆ."

ಸಾಹೇಬರು ಸುತ್ತ ನೋಡಿ, ಯಾರಿಗೂ ಕೇಳದಂತೆ ಸಣ್ಣಗೆ, "ಓವರ್" ಎಂದರು. ಇಡೀ ತರಗತಿ ಹಂಚು ಹಾರುವಂತೆ ಊರಿನ ಹೆಸರು ಕೂಗಿ, ಕೊನೆಗೆ ಓವರ್ ಎಂದಿತು. ಆಮೇಲೆ ಅವರೂ ಬಿಡಲಿಲ್ಲ, ಮಕ್ಕಳೂ ಬಿಡಲಿಲ್ಲ. ಮಧ್ಯಾಹ್ನ ನಮ್ಮಲ್ಲೇ ಉಂಡರು. ತಟ್ಟೆ ಮುಂದೆ ಹಿಡಿದು, "ಸ್ವಲ್ಪ ಸಾರು, ಓವರ್" ಎಂದರು. ಮಾದೇವಿ ಸೌಟು ಹಿಡಿದುಕೊಂಡು ನಕ್ಕ ನಗೆಗೆ ಸಾರು ಅರ್ಧ ನೆಲಕ್ಕೆ ಹೋಯಿತು.

ಆ ಚಳಿಗಾಲದಲ್ಲಿ ಶಾಲೆಯಿಂದ ಯಾಣಕ್ಕೆ ಪ್ರವಾಸ. ಅವಲಕ್ಕಿ ಡಬ್ಬದ ಜೊತೆ ನಾನೂ ಹೋಗಿದ್ದೆ. ಬಂಡೆಯ ಕೆಳಗೆ ಇಬ್ಬರು ಪರದೇಶದವರು ಕೂತಿದ್ದರು, ಗಂಡ ಹೆಂಡತಿ ಇರಬೇಕು. ದೊಡ್ಡ ತರಗತಿಯ ಮಕ್ಕಳು ದೂರ ನಿಂತು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಸಿಂಚನಾ ಸೀದಾ ಹೋಗಿ, "ವಾಟ್ ಈಸ್ ಯುವರ್ ಪೊಸಿಶನ್? ಓವರ್" ಎಂದಳು. ಆ ಹೆಂಗಸು ಸ್ವಲ್ಪ ಯೋಚಿಸಿ, ತಾನು ಕೂತ ಕಲ್ಲನ್ನು ತಟ್ಟಿ ಏನೋ ಹೇಳಿದಳು. ಅಷ್ಟಕ್ಕೇ ಸ್ನೇಹವಾಗಿ ಇಬ್ಬರೂ ಅವಲಕ್ಕಿ ತಿಂದರು. ನಾನು ಮರದ ಹಿಂದೆ ನಿಂತಿದ್ದೆ. ಅವರೆಲ್ಲಿ ನನ್ನನ್ನು ಮಾತಾಡಿಸಿಬಿಡುತ್ತಾರೋ ಎಂದು.

ನೋಡಿ, ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದೇನೆ. ಪುಸ್ತಕದ ಬಗ್ಗೆ ಹೇಳಬೇಕಿತ್ತು. ಅದು ಎರಡನೇ ತರಗತಿಯದ್ದು, ಅದರಲ್ಲಿ ಜೂನ್, ಜುಲೈ ತುಂಬಿಕೊಂಡಿದೆ. ಅಗಸ್ಟಿನಿಂದ ಅಲ್ಲಲ್ಲಿ ಖಾಲಿ. ಇವರು ಕಡಲಿಗೆ ಹೋದ ದಿನಗಳು ಅವು. ಬೋಟು ಬಂದ ದಿನ, ಮೈಯಿಂದ ಡೀಸೆಲ್ ವಾಸನೆ ಹೋಗುವ ಮೊದಲೇ ಮಗಳ ಎದುರು ಕೂತು, ಬಾಕಿ ದಿನಗಳನ್ನೂ ಸೇರಿಸಿ ಮಾತಾಡುತ್ತಿದ್ದರು. ಆ ಖಾಲಿ ದಿನಗಳಲ್ಲಿ ನಾನು ಕೂರಬಹುದಿತ್ತು. "ಆಯಿ, ನೀ ಮಾತಾಡು" ಎಂದು ಅವಳು ಕರೆದದ್ದೂ ಇದೆ. "ನಂಗೆ ಅಡುಗೆ ಅದೆ. ಅಪ್ಪ ಬಂದ್ಮೇಲೆ ಮಾತಾಡು" ಎನ್ನುತ್ತಿದ್ದೆ. ಅಡುಗೆ ಇತ್ತು, ಅದು ಸುಳ್ಳಲ್ಲ. ಆದರೆ ಅಡುಗೆ ಮಾಡುತ್ತ ಮಾತಾಡಲು ಬರುತ್ತದೆ. ಉಳಿದ ಮಾತೆಲ್ಲ ಹಾಗೇ ಆಡುತ್ತೇನಲ್ಲ.

ಆ ನವೆಂಬರಿನಲ್ಲಿ ಇವರ ಕಾರ್ಯ ಎಲ್ಲ ಮುಗಿದ ಮೇಲೆ ಸಿಂಚನಾ ಶಾಲೆಗೆ ಹೋದಳು. ಕನ್ನಡದಲ್ಲಿ ಕೇಳಿದರೆ ಒಂದೆರಡು ಮಾತಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು ಶಬ್ದವೂ ಇಲ್ಲ. ಅಕ್ಕೋರು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಒಂದು ದಿನ ಪಕ್ಕದ ಹುಡುಗಿ, ಪಾಪ, ಸಹಾಯ ಮಾಡಲೆಂದು, "ಸಿಂಚನಾ, ಓವರ್, ಓವರ್" ಎಂದಳಂತೆ. ಇವಳು ಡೆಸ್ಕಿಗೆ ಮುಖ ಹಚ್ಚಿ ಮಲಗಿದವಳು ಊಟದ ಗಂಟೆಯವರೆಗೆ ಏಳಲಿಲ್ಲ. ಅವತ್ತಿನಿಂದ ಅಕ್ಕೋರು ತರಗತಿಯಲ್ಲಿ ಆ ಮಾತು ಬೇಡ ಎಂದುಬಿಟ್ಟರು. ಅಡುಗೆಕೋಣೆಗೆ ಕೇಳಿಸುತ್ತಿದ್ದ ಗಲಾಟೆ ಕಡಿಮೆಯಾಯಿತು.

ಭಟ್ಕಳದಿಂದ ನನ್ನ ಅಣ್ಣ ಬಂದವನು, "ಅದ್ನ ಕನ್ನಡದ ಕ್ಲಾಸಿಗೇ ಹಾಕು ಮಾರಾಯ್ತಿ. ಅಪ್ಪ ಇಲ್ದ ಮಗುಗೆ ಈ ತ್ರಾಸು ಯಂತಕ್ಕೆ?" ಎಂದ. ಅವನು ಹೇಳಿದ್ದು ತಪ್ಪೆಂದು ಅನ್ನಿಸಲಿಲ್ಲ. ನನಗೂ ದಣಿವಾಗಿತ್ತು. ಬೆಳಿಗ್ಗೆ ಎದ್ದು ಮನೆಯ ಒಲೆ, ಆಮೇಲೆ ಶಾಲೆಯ ಒಲೆ, ಸಂಜೆ ಮತ್ತೆ ಮನೆಯ ಒಲೆ. ಅಕ್ಕೋರನ್ನು ಕೇಳಿದೆ.

"ಮಾರ್ಚಿನಲ್ಲಿ ಬಾಯಿ ಪರೀಕ್ಷೆ ಅದೆ. ಅಲ್ಲಿಯ ತನ್ಕ ನೋಡುವಾ. ನಾಲ್ಕು ಮಾತು ಆಡಿದ್ರೂ ಸಾಕು. ಆಡಲಿಲ್ಲ ಅಂದ್ರೆ ಮುಂದಿನ ವರ್ಷಕ್ಕೆ ಕನ್ನಡದ ವಿಭಾಗಕ್ಕೆ ಹಾಕುವಾ" ಎಂದರು. ಆಮೇಲೆ, "ಆದ್ರೆ ಮನೇಲಿ ಒಬ್ರು ಬೇಕು ಸುಮಿತ್ರಕ್ಕ" ಎಂದರು. ಮನೆಯಲ್ಲಿ ಒಬ್ಬಳೇ ಇರುವುದು ಎಂದು ಅವರಿಗೂ ಗೊತ್ತಿತ್ತು.

ಆ ಸಂಜೆ ಇವರು ಕೂರುತ್ತಿದ್ದ ಜಾಗದಲ್ಲೇ ಕೂತೆ. ಇವರ ಹಾಗೆಯೇ ಗಂಟಲು ಸರಿಮಾಡಿಕೊಂಡು, "ಸಿಂಚನಾ, ಸಿಂಚನಾ, ವಾಟ್ ಈಸ್ ಯುವರ್ ಪೊಸಿಶನ್, ಓವರ್" ಎಂದೆ. ಅವಳು ನನ್ನನ್ನು ನೋಡಿದ ನೋಟ ಹೇಗಿತ್ತು ಎಂದು ಹೇಳಲಾರೆ. ಅಪ್ಪನ ಅಂಗಿ ಹಾಕಿಕೊಂಡು ಬಂದ ಕಳ್ಳನನ್ನು ನೋಡಿದ ಹಾಗೆ.

"ನೀ ಅದ್ನ ಹೇಳ್ಬೇಡ ಆಯಿ" ಎಂದು ಎದ್ದು ಬಾವಿ ಕಡೆ ಹೋದಳು.

ಇವರ ಇಂಗ್ಲಿಷ್ ನನಗೆ ಸಿಗುವುದಿಲ್ಲ ಎಂದು ಗೊತ್ತಾಯಿತು. ನನ್ನದು ಎನ್ನಲು ನನ್ನಲ್ಲಿ ಏನೂ ಇರಲಿಲ್ಲ. ಆದರೂ ದಿನಾ ಸಂಜೆ ಜಗಲಿಯಲ್ಲಿ ಕೂತೆವು. ಅವಳು ಚಿತ್ರ ಬರೆಯುತ್ತಿದ್ದಳು, ನಾನು ಅಕ್ಕಿ ಆರಿಸುತ್ತಿದ್ದೆ. ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದೆವು. ಪುಸ್ತಕದ ಆ ಪುಟಗಳಲ್ಲಿ ಸಹಿ ಇಲ್ಲ. ಮಾತಾಡದ ಮೇಲೆ ಸಹಿ ಎಂತದ್ದು.

ಫೆಬ್ರವರಿಯಲ್ಲಿ ಒಂದು ಸಂಜೆ, ನನಗೆ ಬರುವ ಇಂಗ್ಲಿಷ್ ಎಷ್ಟು ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಎಲ್ಲ ಹೋಗಿತ್ತು. ಒಂದೇ ಒಂದು ಉಳಿದಿತ್ತು: ರಜಾ ಅರ್ಜಿ. ನನ್ನ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ, ಅದು ಬಂದೇ ಬರುತ್ತದೆ. ಪರೀಕ್ಷೆಗೆ ತಪ್ಪದೆ ಬೀಳುತ್ತದೆ ಎಂದು ನಮ್ಮ ಮಾಸ್ತರರು ಅದನ್ನು ಮಗ್ಗಿಯ ಹಾಗೆ ಹಾಡಿಸುತ್ತಿದ್ದರು. ನಾನೂ ಅಕ್ಕಿ ಆರಿಸುತ್ತ ಅದೇ ರಾಗದಲ್ಲಿ ಹೇಳತೊಡಗಿದೆ. "ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ಆ್ಯಮ್ ನಾಟ್ ಏಬಲ್ ಟು ಅಟೆಂಡ್ ದಿ ಸ್ಕೂಲ್..."

ಸಿಂಚನಾ ಪೆನ್ಸಿಲು ನಿಲ್ಲಿಸಿದಳು. "ಯಾರಿಗೆ ಜ್ವರ?"

"ನಂಗೆ."

"ಈಗ?"

"ಈಗಲ್ಲ. ಶಾಲಿಗೆ ಹೋಗುವಾಗ."

"ಭಾರೀ ಜ್ವರ ಬಂದಿತ್ತ?"

"ಎಂತ ಜ್ವರವೂ ಇಲ್ಲ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು."

"ಸುಳ್ಳು ಅರ್ಜಿ?"

"ಸುಳ್ಳೇ."

ಅವಳು ಹತ್ತಿರ ಸರಿದಳು. "ಸಫರಿಂಗ್ ಅಂದ್ರೆ ಎಂತ?"

"ಅದು ಯಾರಿಗೆ ಗೊತ್ತು."

"ಗೊತ್ತಿಲ್ದೇ ಬರ್ದ್ಯ?"

"ಗೊತ್ತಿಲ್ದೇ ಬರ್ದದ್ದಕ್ಕೇ ಫೇಲಾದೆ."

ಅವಳು ನಕ್ಕಳು. ಮೂರು ತಿಂಗಳ ಮೇಲೆ ನಕ್ಕದ್ದು. ಇನ್ನೊಮ್ಮೆ ಹೇಳು ಎಂದಳು, ಹೇಳಿದೆ. ಮತ್ತೊಮ್ಮೆ ಎಂದಳು. ನಾನು ಹೇಳಿದೆ, ಅವಳೂ ಹಿಂದೆ ಹಿಂದೆ ಹೇಳಿದಳು. ಆಮೇಲೆ ನಗು ನಿಂತಿತು. "ನಾನೂ ಅಷ್ಟು ದಿನ ಶಾಲಿಗೆ ಹೋಗ್ಲಿಲ್ಲ ಅಲ್ದಾ? ಅರ್ಜಿ ಕೊಟ್ಟಿದ್ಯ?"

"ಇಲ್ಲ. ಅಕ್ಕೋರಿಗೆ ಗೊತ್ತಿತ್ತಲ್ಲ."

"ಗೊತ್ತಿದ್ರೂ ಕೊಡ್ಬೇಕು."

ಪುಸ್ತಕ ತಂದು ಬರೆಯಲು ಕೂತಳು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವಳು ಬರೆದಳು. 'ರೆಸ್ಪೆಕ್ಟೆಡ್ ಟೀಚರ್' ಆಯಿತು. 'ಆ್ಯಸ್' ಎಂದು ಬರೆದು ನಿಂತಳು.

"ನಂಗೆ ಜ್ವರ ಇರ್ಲಿಲ್ಲ."

ನಮ್ಮ ಮಾಸ್ತರರು ಕಲಿಸಿದ ಅರ್ಜಿಯಲ್ಲಿ ಕಾರಣ ಎರಡೇ ಇದ್ದವು. ಒಂದು ಜ್ವರ, ಇನ್ನೊಂದು ಅಕ್ಕನ ಮದುವೆ. ಎರಡೂ ನಮಗೆ ಹೊಂದುವಂಥವಲ್ಲ. "ಅಲ್ಲಿಂದ ಮುಂದೆ ನಂಗೆ ಬರೂದಿಲ್ಲ. ನಿಂಗೆ ಬಂದ ಹಾಂಗೆ ಬರಿ" ಎಂದೆ.

ಬಹಳ ಹೊತ್ತು ಪೆನ್ಸಿಲು ಕಚ್ಚಿಕೊಂಡು ಕೂತಿದ್ದಳು. ಅಂದು ಹತ್ತು ನಿಮಿಷ ಕಳೆದು ಎಷ್ಟಾಯಿತೋ ನೋಡಲಿಲ್ಲ. ಕೊನೆಗೆ ಬರೆದಳು. ಅದನ್ನು ಓದಲು ನನಗೆ ಬರುತ್ತದೆ. ಓದುವಷ್ಟು ಇಂಗ್ಲಿಷ್ ನನಗೆ ಯಾವಾಗಲೂ ಇತ್ತು. 'ಮೈ ಫಾದರ್ ಈಸ್ ನಾಟ್ ದೇರ್. ಐ ಡಿಡ್ ನಾಟ್ ಕಮ್ ಟು ಸ್ಕೂಲ್' ಎಂದಿತ್ತು.

ಮರುದಿನ ಅವಳೇ ಅಕ್ಕೋರಿಗೆ ಕೊಟ್ಟಳು. ಅಕ್ಕೋರು ತಿದ್ದಲಿಲ್ಲ. "ಇದನ್ನ ನಂಗೆ ಓದಿ ಹೇಳ್ತ್ಯ?" ಎಂದು ಕೇಳಿದರಂತೆ. ಅವಳು ಎದ್ದು ನಿಂತು ಓದಿದಳು. ಅಡುಗೆಕೋಣೆಗೆ ಕೇಳಿಸುವಷ್ಟು ದೊಡ್ಡ ದನಿ ಅಲ್ಲ; ಮಾದೇವಿ ಬಾಗಿಲಿಗೆ ಹೋಗಿ ಕೇಳಿಸಿಕೊಂಡು ಬಂದು, "ಆತು ಮಾರಾಯ್ತಿ, ಬಾಯಿ ಬಿಡ್ತು" ಎಂದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ನಾನು ಹಿಂದೆ ಹೋಗಿ ನೀರಿನ ಟಾಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ.

ಮಾರ್ಚಿನ ಬಾಯಿ ಪರೀಕ್ಷೆಯಲ್ಲಿ ನಾಲ್ಕಲ್ಲ, ಆರು ಮಾತಾಡಿದಳು. ಇಂಗ್ಲಿಷ್ ವಿಭಾಗದಲ್ಲೇ ಉಳಿದಳು. ಹೊಸ ಪುಸ್ತಕದಲ್ಲಿ ಮನೆಯ ಜೊತೆಗಾರರ ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರನ್ನು ಅವಳೇ ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಸಹಿಯನ್ನು ನಾನು ಕನ್ನಡದಲ್ಲೇ ಮಾಡುತ್ತೇನೆ.

ಈಗ ದಿನಾ ಮಾತಾಡುತ್ತೇವೆ. ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. "ಆಯಿ, ಯೂ ಆರ್ ರಾಂಗ್" ಎನ್ನುತ್ತಾಳೆ. "ಐ ನೋ" ಎನ್ನುತ್ತೇನೆ. ಅದೊಂದನ್ನು ತಪ್ಪಿಲ್ಲದೆ ಹೇಳಲು ಕಲಿತಿದ್ದೇನೆ. ಅವಳು ತಪ್ಪಿದರೆ ತಿದ್ದುವಷ್ಟು ನನಗೆ ಬರುವುದಿಲ್ಲ. ಇವರಿಗೂ ಬರುತ್ತಿರಲಿಲ್ಲ. ಆದರೆ ಇವರ ಹತ್ತು ನಿಮಿಷ ಎಂದೂ ಹತ್ತಕ್ಕೆ ಮುಗಿದದ್ದಿಲ್ಲ. ಪಾಠದ ಪ್ರಶ್ನೆ ಮುಗಿದ ಮೇಲೆ ಮೀನಿನ ಹೆಸರು, ಅದು ಮುಗಿದರೆ ಯಾವ ಬೋಟಿನವನು ಯಾರ ಜೊತೆ ಜಗಳವಾಡಿದ ಎಂಬುದು, ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾವಿಬ್ಬರು ಸರಿಯಾಗಿ ಹತ್ತು ನಿಮಿಷಕ್ಕೆ ಏಳುತ್ತೇವೆ. ಅವಳು ಪುಸ್ತಕ ಮುಚ್ಚುತ್ತಾಳೆ, ನಾನು ಒಳಗೆ ಹೋಗುತ್ತೇನೆ. ಹತ್ತು ನಿಮಿಷದ ಆಚೆಯ ಮಾತಿಗೆ ಈಗ ಇವರಿಲ್ಲ.